ನಗರದ ಬಾವಿಯಲ್ಲಿ ದೊರೆತ ಅಗ್ನಿಬಾಣಗಳು

ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನ ಪಟ್ಟಣವನ್ನು ಹೊಗುವ ಮುನ್ನ ತಮ್ಮ ಆಯುಧಗಳನ್ನೆಲ್ಲ ಕಟ್ಟಿ ಬನ್ನಿಯ ಮರದ ಮೇಲೆ ಇರಿಸಿದ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಆ ಮರವು ಮಸಣದ ಬಳಿಯಲ್ಲಿತ್ತು. ಜನರು ಹತ್ತಿರ ಸುಳಿಯದಂತೆ ಒಂದು ಹೆಣವನ್ನೂ ಅದಕ್ಕೆ ಕಟ್ಟಿದರು. ಆಯುಧಗಳನ್ನು ಬಚ್ಚಿಡುವವನು ಎರಡು ವಿಷಯಗಳನ್ನು ನೋಡಿಕೊಳ್ಳುವನೆಂಬುದು ಈ ಕಥೆಯಿಂದ ತಿಳಿಯುವುದು. ಪರರು ಬಾರದ ಎಡೆ ಬೇಕು. ತಾನು ಮರಳಿ ಬಂದಾಗ ಗುರುತು ಸಿಕ್ಕಬೇಕು. ಗುಹೆ, ಹಾಳುಗುಡಿ, ಪಾಳುಬಾವಿ ಇವೆಲ್ಲ ಇಂಥ ಎಡೆಗಳು. ಪಾಂಡವರು ಒಂದು ವರ್ಷದ ಮೇಲೆ ಮರಳಿ ಬಂದು ತಮ್ಮ ಬಿಲ್ಲುಬಾಣಗಳನ್ನು ಇಳಿಸಿಕೊಂಡರು. ಚರಿತ್ರೆಯಲ್ಲಿ ಹಾಗೆ ಮರಳಿ ಬಂದವರು ವಿರಳ. ಬಾರದೆ ಹೋದವರ ಆಯುಧಗಳೇ ನೂರಾರು ವರ್ಷಗಳ ಬಳಿಕ ಗುದ್ದಲಿಯ ಬಾಯಿಗೆ ಸಿಕ್ಕಿ, ಬರೆದಿಟ್ಟ ಗ್ರಂಥಗಳು ಹೇಳದ ಸಂಗತಿಗಳನ್ನು ಹೇಳುವುವು.

ಮಂಗಳೂರಿನಿಂದ ನೇತ್ರಾವತಿಯ ಸೇತುವೆಯನ್ನು ದಾಟಿ ತೆಂಕಣಕ್ಕೆ ಬಂದವರಿಗೆ ಎದುರಾಗುವ ದೊಡ್ಡ ಕೂಡುದಾರಿಯೇ ತೊಕ್ಕೊಟ್ಟು. ಇಲ್ಲಿಂದ ಕಡಲ ಕಡೆಗೆ ತಿರುಗಿದರೆ ಉಳ್ಳಾಲ. ಮೂಡಲಿಗೆ ತಿರುಗಿದರೆ ದೇರಳಕಟ್ಟೆ, ಕೊಣಾಜೆ. ಈ ಸೀಮೆಯಲ್ಲಿ ಆಯುಧಗಳ ಮಾತು ಬಂದಾಗಲೆಲ್ಲ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಬಾರದಿರದು. ಚೌಟ ವಂಶದ ಆ ರಾಣಿಯು ಪೋರ್ತುಗೀಜರ ಹಡಗುಗಳ ಮೇಲೆ ಅಗ್ನಿಬಾಣಗಳನ್ನು ಬಿಡಿಸಿ ಅವನ್ನು ಸುಟ್ಟಳೆಂದು ಜನರು ಇಂದಿಗೂ ಹೆಮ್ಮೆಯಿಂದ ಹೇಳುವರು. ಐತಿಹ್ಯವನ್ನು ಸುಳ್ಳೆಂದು ತಳ್ಳಿಬಿಡುವುದು ವಿವೇಕವಲ್ಲ. ಆದರೂ ಐತಿಹ್ಯಕ್ಕೂ ಚರಿತ್ರೆಗೂ ನಡುವೆ ಒಂದು ಅಂತರವಿದೆ. ಆ ಅಂತರವನ್ನು ತುಂಬಬಲ್ಲುದು ಕೈಗೆ ಸಿಕ್ಕುವ ವಸ್ತುವೊಂದೇ. ಎಣ್ಣೆಯ ಬಟ್ಟೆ ಸುತ್ತಿ ಹೊತ್ತಿಸಿದ ಬಾಣವು ಗುರಿಯೊಡನೆ ತಾನೂ ಸುಟ್ಟು ಬೂದಿಯಾಗುವುದು. ಅಂಥ ಆಯುಧದ ಸಾಕ್ಷಿಯು ಮರಳಿನಲ್ಲಾಗಲಿ ನೀರಿನಲ್ಲಾಗಲಿ ಉಳಿಯುವಂಥದಲ್ಲ.

ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲೆಯು 1623ರಲ್ಲಿ ಈ ತೀರಕ್ಕೆ ಬಂದಿದ್ದನು. ಉಳ್ಳಾಲದ ರಾಣಿಯನ್ನು ಆತನು ಕಂಡುದು ಮಣೇಲಿನಲ್ಲಿ. ಯಾವ ಆಡಂಬರವೂ ಇಲ್ಲದೆ ಕಾಲ್ನಡಿಗೆಯಲ್ಲಿ ಹೋಗುತ್ತ, ಬೇಸಾಯದ ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಆಕೆಯ ಚಿತ್ರವನ್ನು ಆತನು ಬರೆದಿಟ್ಟಿರುವನು. ಅದೇ ಪ್ರಯಾಣದಲ್ಲಿ ಆತನು ಘಟ್ಟವನ್ನೇರಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿಯನ್ನೂ ನೋಡಿದ್ದನು. ಉಳ್ಳಾಲಕ್ಕೂ ಇಕ್ಕೇರಿಗೂ ಆ ಕಾಲದಲ್ಲಿ ರಾಜಕಾರಣದ ನಂಟಿತ್ತು. ಪೋರ್ತುಗೀಜರೊಡನೆ ನಡೆದ ವಿರಸದಲ್ಲಿ ರಾಣಿಗೆ ಒತ್ತಾಸೆಯಾಗಿ ನಿಂತವನು ವೆಂಕಟಪ್ಪ ನಾಯಕನೇ. ಘಟ್ಟದ ಕೆಳಗಿನ ಐತಿಹ್ಯಕ್ಕೆ ಸಿಕ್ಕದ ಸಾಕ್ಷಿಯು ಘಟ್ಟದ ಮೇಲೆ, ಆ ಇಕ್ಕೇರಿಯ ಅರಸರ ಮುಂದಿನ ರಾಜಧಾನಿಯಲ್ಲಿ, ಬೇರೊಂದು ಕಾಲದ್ದಾಗಿ, ಬೇರೊಂದು ರೂಪದಲ್ಲಿ ದೊರೆತಿರುವುದು. ಆ ಸ್ಥಳವೇ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರ, ಹಳೆಯ ಹೆಸರಿನಿಂದ ಬಿದನೂರು.

ಬಿದನೂರಿನ ವಿಚಾರಕ್ಕೆ ಬರುವ ಮೊದಲು ನೆಲದಲ್ಲಿ ಸಿಕ್ಕುವ ಆಯುಧಗಳ ಬಗೆಯನ್ನು ತಿಳಿಯುವುದು ಉಚಿತ. ಅವು ಮುಖ್ಯವಾಗಿ ಎರಡು ಬಗೆ. ಮೊದಲನೆಯವು ಸತ್ತವರಿಗಾಗಿ ಇಟ್ಟವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸನು 1947ರಲ್ಲಿ ಅಗೆಯಿಸಿದ ಬೃಹತ್ ಶಿಲಾ ಸಮಾಧಿಗಳಲ್ಲಿ ಮಡಕೆಗಳ ಜೊತೆಗೆ ಕಬ್ಬಿಣದ ಆಯುಧಗಳು ದೊರೆತುವು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಯಿಸಿದ ಉತ್ಖನನದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕಿ, ಈ ನಾಡಿನಲ್ಲಿ ಕಬ್ಬಿಣದ ಬಳಕೆಯು ಕ್ರಿಸ್ತಪೂರ್ವ 1000ದ ಸುಮಾರಿಗೇ ಇದ್ದಿತೆಂದು ತೋರಿಬಂದಿತು. ಕರಾವಳಿಯಲ್ಲಿಯೂ ಕಾಸರಗೋಡಿನ ಕಡೆಯಲ್ಲಿಯೂ ಮುರಕಲ್ಲನ್ನು ಕೊರೆದು ಮಾಡಿದ ಗುಹೆಗಳುಂಟು. ಕಿರಿದಾದ ಬಾಗಿಲು, ಗುಂಡಗಿನ ಒಳಕೋಣೆ, ಮಾಡಿನ ನಡುವೆ ಒಂದು ಕಂಡಿ. ಇದು ಅವುಗಳ ರೂಪ. ಜನರು ಅವನ್ನು ಪಾಂಡವರ ಗುಹೆಗಳೆಂದು ಕರೆದು, ಒಳಗೆ ಆಯುಧಗಳೂ ನಿಧಿಯೂ ಅಡಗಿರುವುವೆಂದು ನಂಬುವರು. ವಾಸ್ತವವಾಗಿ ಅವು ಸಮಾಧಿಗಳು. ಅಲ್ಲಿ ಸಿಕ್ಕುವ ಕಬ್ಬಿಣದ ತುಂಡುಗಳನ್ನು ಯಾರೂ ಬಚ್ಚಿಟ್ಟುದಲ್ಲ. ಪರಲೋಕಕ್ಕೆ ಹೊರಟವನ ಕೈಗೆ ಕೊಟ್ಟುದು.

ಎರಡನೆಯವು ಬದುಕಿರುವವರಿಗಾಗಿ ಅಡಗಿಸಿದವು. ಯುದ್ಧವು ತಿರುಗುಮುರುಗಾದಾಗ, ಕೋಟೆಯು ಕೈಬಿಡುವ ಹೊತ್ತಿಗೆ, ಹಗೆಯ ಕೈಗೆ ಸಿಕ್ಕಬಾರದೆಂದೊ ಮುಂದೊಮ್ಮೆ ತಮಗೇ ಬೇಕಾದೀತೆಂದೊ ನೆಲದೊಳಗೆ ಇಳಿಸಿದ ಆಯುಧಗಳಿವು. ಇವುಗಳ ಸುತ್ತ ಅಸ್ಥಿಯಿರದು, ಮಡಕೆಯಿರದು. ಒಂದೇ ಬಗೆಯ ವಸ್ತುಗಳು ರಾಶಿರಾಶಿಯಾಗಿ ಸಿಕ್ಕುವುದೇ ಇವುಗಳ ಗುರುತು. ಬಿದನೂರಿನಲ್ಲಿ ದೊರೆತುದು ಈ ಬಗೆಯದು.

ಬಿದಿರು ಹೇರಳವಾಗಿ ಬೆಳೆದ ಊರಾದುದರಿಂದ ಬಿದರಹಳ್ಳಿ, ಬಿದನೂರು ಎಂಬ ಹೆಸರು ಬಂದಿತು. ಕೆಳದಿಯ ನಾಯಕರು ಇಕ್ಕೇರಿಯನ್ನು ಬಿಟ್ಟು ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿಗೆ ರಾಜಧಾನಿಯನ್ನು ತಂದರು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ಈ ಊರು ದೊಡ್ಡ ಪಟ್ಟಣವಾಯಿತು. ಸುತ್ತಲೂ ಗುಡ್ಡ, ಗುಡ್ಡವನ್ನು ಮುಚ್ಚಿದ ದಟ್ಟಡವಿ, ವರ್ಷದ ಹಲವು ತಿಂಗಳು ಬಿಡದ ಮಳೆ. ಹೊಸಂಗಡಿಯ ಘಟ್ಟವನ್ನಿಳಿದರೆ ಕುಂದಾಪುರದ ಬಂದರು. ಮಂಗಳೂರು, ಉಳ್ಳಾಲಗಳವರೆಗಿನ ಕರಾವಳಿಯ ಅಕ್ಕಿ, ಮೆಣಸುಗಳ ವ್ಯಾಪಾರವು ಈ ಅರಸರ ಬೊಕ್ಕಸವನ್ನು ತುಂಬುತ್ತಿದ್ದಿತು.

1763ರ ಜನವರಿಯಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿಯ ಹಿಂದಿನ ಮಂತ್ರಿಯಾಗಿದ್ದ ಲಿಂಗಣ್ಣನೆಂಬವನು ತೋರಿಸಿದ ಗುಪ್ತಮಾರ್ಗದಿಂದ ಆತನ ದಂಡು ಒಳಹೊಕ್ಕಿತೆಂದು ಚರಿತ್ರಕಾರನಾದ ವಿಲ್ಕ್ಸನು ಬರೆದಿರುವನು. ತನ್ನ ಮುಂದಿನ ಏಳಿಗೆಗೆಲ್ಲ ಈ ಪಟ್ಟಣವು ವಶವಾದುದೇ ಕಾರಣವೆಂದು ಹೈದರನೇ ಹೇಳುತ್ತಿದ್ದನಂತೆ. ಆತನು ಊರಿಗೆ ತನ್ನ ಹೆಸರನ್ನಿಟ್ಟು ಹೈದರನಗರವೆಂದು ಕರೆದನು. ಅದರಲ್ಲಿ ಹೈದರನು ಅಳಿದು ನಗರವೊಂದೇ ಉಳಿಯಿತು. ಅಲ್ಲಿ ಟಂಕಸಾಲೆಯನ್ನೂ, ಅದಕ್ಕಿಂತ ಮುಖ್ಯವಾಗಿ, ತನ್ನ ರಾಜ್ಯದ ಪ್ರಧಾನವಾದ ಆಯುಧಶಾಲೆಯನ್ನೂ ನೆಲೆಗೊಳಿಸಿದನು. ಶಸ್ತ್ರಗಳನ್ನೂ ಮದ್ದುಗುಂಡುಗಳನ್ನೂ ತಯಾರಿಸುವ ಕೆಲಸದಲ್ಲಿ ಅಲ್ಲಿ ಬಹುಮಂದಿ ತೊಡಗಿದ್ದರು. ಈ ಸಂಗತಿಯು ಹಳೆಯ ಗ್ರಂಥಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವುದು. ಏನು ತಯಾರಾಗುತ್ತಿತ್ತು, ಎಷ್ಟು ತಯಾರಾಗುತ್ತಿತ್ತು ಎಂಬುದಕ್ಕೆ ಉತ್ತರವು ಆ ಸಾಲುಗಳಲ್ಲಿಲ್ಲ. ಅದು ನೆಲದೊಳಗೆ ಇತ್ತು.

2002ರಲ್ಲಿ ನಗರದ ಒಂದು ಪಾಳುಬಾವಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಕಾಣಿಸಿಕೊಂಡುವು. ಹೊರಗೆ ಬಂದವು ಸುಮಾರು 160. ಅವನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಅವು ಹದಿನೆಂಟನೆಯ ಶತಮಾನದ ಮೈಸೂರು ಸೈನ್ಯದ ಅಗ್ನಿಬಾಣಗಳು, ಈಗಿನವರು ರಾಕೆಟ್ಟುಗಳೆನ್ನುವ ಆಯುಧಗಳು, ಎಂದು ನಿಶ್ಚಯವಾದುದು ಕೆಲವು ವರ್ಷಗಳ ಅನಂತರ, ಪರೀಕ್ಷೆ ನಡೆದ ಮೇಲೆ. ಇನ್ನೂ ಇರಬಹುದೆಂಬ ಅನುಮಾನವು ಆಗಲೇ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಅದು ನಿಜವಾಗಲು ಹಲವು ವರ್ಷಗಳೇ ಹಿಡಿದುವು.

2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯ ಸಹಾಯಕ ನಿರ್ದೇಶಕರಾಗಿದ್ದ ಆರ್. ಶೇಜೇಶ್ವರ ನಾಯಕರ ಮುಂದಾಳುತನದಲ್ಲಿ 15 ಮಂದಿಯ ತಂಡವು ನಗರದ ನೀರಾರಿದ ತೆರೆದ ಬಾವಿಯನ್ನು ಅಗೆಯಿತು. ಅಗೆಯಲು ಪ್ರೇರಣೆಯಾದುದು ಒಂದು ವಾಸನೆ. ಬಾವಿಯ ಮಣ್ಣು ಸಿಡಿಮದ್ದಿನಂತೆ ನಾರುತ್ತಿತ್ತು. ಇನ್ನೂರು ವರ್ಷಗಳ ಮಳೆಯಿಂದಲೂ ತೊಳೆಯಲಾಗದ ಆ ವಾಸನೆಯ ಜಾಡನ್ನು ಹಿಡಿದು ಮೂರು ದಿನ ಅಗೆದಾಗ ಹೊರಗೆ ಬಂದ ಬಾಣಗಳ ಸಂಖ್ಯೆಯು 1,000ವನ್ನು ಮೀರಿತು. ಅವು ಒಂದೇ ಅಳತೆಯವಲ್ಲ; ಉದ್ದವು 23ರಿಂದ 26 ಸೆಂಟಿಮೀಟರುಗಳವರೆಗೆ. ಒಳಗೆ ಪೆಟ್ಲುಪ್ಪು, ಇದ್ದಲು ಮೊದಲಾದುವು ಸೇರಿದ ಮದ್ದು ತುಂಬಿದ್ದಿತು. ಎಂದರೆ ಇವು ಯುದ್ಧದಲ್ಲಿ ಹಾರಿ ಬಿದ್ದ ಬರಿಯ ಕೊಳವೆಗಳಲ್ಲ. ಹಾರಿಸಲು ಸಿದ್ಧವಾಗಿದ್ದು ಹಾರದೆ ಉಳಿದವು. ಯುದ್ಧದಲ್ಲಿ ಬಳಸುವುದಕ್ಕಾಗಿ ಟಿಪ್ಪುವಿನ ಕಾಲದಲ್ಲಿ ಕೂಡಿಟ್ಟ ಸಂಗ್ರಹವಿದೆಂದು ಶೇಜೇಶ್ವರ ನಾಯಕರು ಅಭಿಪ್ರಾಯಪಟ್ಟರು.

ಈ ಆಯುಧದ ಗುಟ್ಟನ್ನು ಸಂಕ್ಷೇಪವಾಗಿ ಹೇಳಬಹುದು. ಮೆತುವಾದ ಕಬ್ಬಿಣದ ತಗಡನ್ನು ಬಡಿದು ಸುರುಳಿ ಮಾಡಿ ಕೊಳವೆಯಾಗಿಸುವರು. ಒಂದು ತುದಿಯನ್ನು ಮುಚ್ಚಿ, ಮದ್ದನ್ನು ಒತ್ತಿ ತುಂಬಿ, ಇನ್ನೊಂದು ತುದಿಯಲ್ಲಿ ಬೆಂಕಿ ಹೊರಬರಲು ಕಿರಿದಾದ ರಂಧ್ರವನ್ನು ಬಿಡುವರು. ಆ ಕೊಳವೆಯನ್ನು ತೊಗಲಿನ ಪಟ್ಟಿಯಿಂದ ಆಳುದ್ದದ ಬಿದಿರಿನ ಕೋಲಿಗೆ ಕಟ್ಟುವರು. ಕೆಲವೊಮ್ಮೆ ಕತ್ತಿಯ ಅಲಗಿಗೂ ಕಟ್ಟುತ್ತಿದ್ದರು. ಬತ್ತಿಗೆ ಕಿಚ್ಚಿಟ್ಟಾಗ ಮದ್ದು ಉರಿದು ಹೊಗೆಯು ರಂಧ್ರದಿಂದ ಹಿಂದಕ್ಕೆ ನುಗ್ಗುವುದು. ಕೊಳವೆಯು ಮುಂದಕ್ಕೆ ಚಿಮ್ಮುವುದು. ಹಿಂದೆ ಕಟ್ಟಿದ ಕೋಲು ಅದನ್ನು ತೊನೆಯಗೊಡದೆ ದಾರಿಯಲ್ಲಿ ನಿಲ್ಲಿಸುವುದು. ಮದ್ದಿನ ಬಾಣಗಳನ್ನು ಚೀನದವರೂ ಯೂರೋಪಿನವರೂ ಮೊದಲೇ ಬಲ್ಲರು. ಆದರೆ ಯೂರೋಪಿನಲ್ಲಿ ಕೊಳವೆಯು ಕಾಗದದ ರಟ್ಟಿನದಾಗಿತ್ತು; ಮದ್ದಿನ ಬಿರುಸು ಹೆಚ್ಚಿದರೆ ಅದು ಒಡೆದುಹೋಗುತ್ತಿತ್ತು. ಮೈಸೂರಿನ ಕಮ್ಮಾರನು ಕಬ್ಬಿಣದ ಕೊಳವೆಯನ್ನು ಮಾಡಿದುದರಿಂದ ಹೆಚ್ಚು ಒತ್ತಡವನ್ನು ತಡೆಯಲು ಶಕ್ಯವಾಯಿತು. ಹೆಚ್ಚು ಒತ್ತಡವೆಂದರೆ ಹೆಚ್ಚು ವೇಗ, ಹೆಚ್ಚು ದೂರ. ಸಾವಿರ ಗಜಗಳಿಗೂ ಆಚೆಗೆ ಈ ಬಾಣಗಳು ಹೋಗುತ್ತಿದ್ದುವು. ಗುರಿಯು ಕರಾರುವಾಕ್ಕಾಗಿಲ್ಲದಿದ್ದರೂ ಒಟ್ಟಿಗೆ ನೂರಾರನ್ನು ಬಿಟ್ಟಾಗ ಎದುರಿನ ಕುದುರೆಗಳು ಬೆದರಿ, ಕಾಲಾಳುಗಳ ಸಾಲು ಮುರಿಯುತ್ತಿತ್ತು.

ಕನ್ನಡದಲ್ಲಿ ಬಾಣಬಿರುಸು ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಜಾತ್ರೆಯ ಇರುಳಿನಲ್ಲಿ ಆಕಾಶಕ್ಕೆ ಏರುವ ಮದ್ದಿನ ಆಟಕ್ಕೆ ಜನರು ಆ ಹೆಸರನ್ನು ಹೇಳುವರು. ಬಿಲ್ಲಿನಿಂದ ಹೊರಡುವುದಕ್ಕೂ ಮದ್ದಿನಿಂದ ಹೊರಡುವುದಕ್ಕೂ ಬಾಣವೆಂಬ ಒಂದೇ ಶಬ್ದವು ಸಲ್ಲುವುದರಿಂದ ಐತಿಹ್ಯಗಳಲ್ಲಿ ಬರುವ ಅಗ್ನಿಬಾಣವು ಯಾವ ಬಗೆಯದೆಂದು ಶಬ್ದಮಾತ್ರದಿಂದ ನಿಶ್ಚಯಿಸಲಾಗದು. ನಗರದ ಬಾವಿಯ ಬೆಲೆಯು ಇಲ್ಲಿಯೇ ತಿಳಿಯುವುದು. ಶಬ್ದವು ಎರಡರ್ಥವನ್ನು ಹೇಳೀತು. ಕಬ್ಬಿಣದ ಕೊಳವೆಯು ಒಂದನ್ನೇ ಹೇಳುವುದು.

ಹೈದರನ ಮನೆತನಕ್ಕೆ ಈ ವಿದ್ಯೆಯು ಹೊಸತಲ್ಲ. ಆತನ ತಂದೆ ಫತ್ ಮಹಮ್ಮದನು ಆರ್ಕಾಟಿನ ನವಾಬನ ಸೈನ್ಯದಲ್ಲಿ 50 ಮಂದಿ ಬಾಣದವರ ಮೇಲಾಳಾಗಿದ್ದನು. ಹೈದರನ ಕಾಲಕ್ಕೆ ಬಾಣದವರ ಸಂಖ್ಯೆಯು 1,200ಕ್ಕೆ ಏರಿತೆಂದೂ, ಟಿಪ್ಪುವಿನ ಕಾಲಕ್ಕೆ 5,000ದ ವರೆಗೆ ಬೆಳೆಯಿತೆಂದೂ ಲೆಕ್ಕವುಂಟು. ಟಿಪ್ಪುವಿನ ಆಜ್ಞೆಯಂತೆ ಬರೆದ ಫತ್ ಉಲ್ ಮುಜಾಹಿದೀನ್ ಎಂಬ ಯುದ್ಧಶಾಸ್ತ್ರದ ಪುಸ್ತಕದಲ್ಲಿ ದಂಡಿನ ಒಂದೊಂದು ದಳಕ್ಕೂ ಬಾಣದವರನ್ನು ನೇಮಿಸುವ ಕ್ರಮವಿದೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದು ಕುಂಪಣಿಯ ದಂಡು ನಾಶವಾದುದಕ್ಕೆ ಅಗ್ನಿಬಾಣವೇ ಕಾರಣವೆಂದು ಹೇಳುವರು. ಆ ಯುದ್ಧದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯಲ್ಲಿ ಇಂದಿಗೂ ನೋಡಬಹುದು.

ಹೀಗೆ ಬೆಲೆಬಾಳುವ ಸಾವಿರ ಬಾಣಗಳನ್ನು ಬಾವಿಗೆ ಇಳಿಸುವ ಸನ್ನಿವೇಶವು ಯಾವುದು? ಇದಕ್ಕೆ ನಗರದ ಚರಿತ್ರೆಯನ್ನೇ ನೋಡಬೇಕು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಮರುತಿಂಗಳೇ ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನು ಹತ್ತಿದನು. ನಗರದ ಅಧಿಕಾರಿಯಾಗಿದ್ದ ಶೇಖ್ ಅಯಾಜನು ಕಾದದೆ ಪಟ್ಟಣವನ್ನು ಒಪ್ಪಿಸಿದನು. 1783ರ ಮಾರ್ಚಿನಲ್ಲಿ ಮಂಗಳೂರೂ ಕುಂಪಣಿಯ ವಶವಾಯಿತು. ಏಪ್ರಿಲಿನಲ್ಲಿ ಟಿಪ್ಪುವು ದೊಡ್ಡ ದಂಡಿನೊಡನೆ ಬಂದು ನಗರವನ್ನು ಮುತ್ತಿದನು. ಆ ಮುತ್ತಿಗೆಯಲ್ಲಿ ಅರಮನೆಯೂ ಊರಿನ ಬಹುಭಾಗವೂ ಸುಟ್ಟುಹೋದುವು, ಮ್ಯಾಥ್ಯೂಸನು ಸೆರೆಯಾದನು. ಅಲ್ಲಿಂದ ಟಿಪ್ಪುವು ಇಳಿದುಬಂದುದು ಮಂಗಳೂರಿಗೆ. ಮೇ ತಿಂಗಳಿನಿಂದ ಮರುವರ್ಷದ ಜನವರಿಯವರೆಗೆ ಕರ್ನಲ್ ಕ್ಯಾಂಪ್‌ಬೆಲ್ಲನು ಕೋಟೆಯನ್ನು ಬಿಡದೆ ಹಿಡಿದುಕೊಂಡಿದ್ದು, ಕೊನೆಗೆ ಹಸಿವೆಗೂ ರೋಗಕ್ಕೂ ಮಣಿದು ಒಪ್ಪಿಸಿದನು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಒಂದು ವರ್ಷದೊಳಗೆ ನಗರವು ಎರಡು ಬಾರಿ ಕೈ ಬದಲಾಯಿಸಿತು. ಎರಡು ಬಾರಿಯೂ ಅದರ ಆಯುಧಶಾಲೆಯು ಹೊಸ ಒಡೆಯನ ಕೈಸೇರಿತು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದಾಗ ನಗರದ ಸೀಮೆಯು ಮತ್ತೊಮ್ಮೆ ಒಡೆಯನಿಲ್ಲದ ನೆಲವಾಯಿತು. ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯ ವಾಘನು ಆ ಕಡೆಯ ಕೋಟೆಗಳನ್ನು ಹಿಡಿದು ಕುಂಪಣಿಯ ಸರಕಾರಕ್ಕೆ ಎದುರಾದನು. 1800ರ ಸೆಪ್ಟೆಂಬರಿನಲ್ಲಿ ಆತನು ಹತನಾಗುವವರೆಗೆ ಶಾಂತಿ ನೆಲೆಗೊಳ್ಳಲಿಲ್ಲ. ಬಾಣಗಳನ್ನು ಅಡಗಿಸಲು ಕಾರಣವಾಗಬಲ್ಲ ಸಂದರ್ಭಗಳು ಹೀಗೆ ಒಂದಲ್ಲ, ಮೂರು. ಇವುಗಳಲ್ಲಿ ಒಂದನ್ನು ಆರಿಸಿ ಇದೇ ಎಂದು ಸಾಧಿಸುವುದಕ್ಕಿಂತ ಮೂರರಲ್ಲಿಯೂ ಸಮಾನವಾದುದನ್ನು ಗಮನಿಸುವುದು ಲೇಸು. ಬಾವಿಯಲ್ಲಿ ಆಗ ನೀರಿದ್ದರೆ ಒಳಗೆ ಬಿದ್ದ ಮದ್ದು ಕೆಡುವುದು ನಿಶ್ಚಯ. ಹಾಗಾದರೆ ಅದು ಹಗೆಗೆ ದಕ್ಕಬಾರದೆಂದು ಮಾಡಿದ ಕೆಲಸ. ಬಾವಿಯು ಒಣಗಿದ್ದರೆ ಅದು ಮರಳಿ ಬಂದು ಎತ್ತುವ ಆಸೆಯಿಂದ ಮಾಡಿದ ಕೆಲಸ. ಎರಡರಲ್ಲಿಯೂ ಕಾಣುವುದು ಒಂದೇ ಸಂಗತಿ: ಈ ಆಯುಧವು ಎದುರಾಳಿಗೆ ಸಿಕ್ಕಬಾರದಷ್ಟು ಬೆಲೆಯುಳ್ಳದ್ದೆಂದು ಅದನ್ನು ಇಳಿಸಿದ ಕೈಗಳು ಬಲ್ಲವು.

ಎದುರಾಳಿಗಳೂ ಅದನ್ನು ಬಲ್ಲರು. 1799ರ ಏಪ್ರಿಲ್ 5ರ ಇರುಳು ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ದಂಡು ಬಾಣಗಳ ಮತ್ತು ತುಪಾಕಿಗಳ ಹೊಡೆತಕ್ಕೆ ಸಿಕ್ಕಿ ಚದರಿ ಹಿಮ್ಮೆಟ್ಟಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ನನೆಂದು ಹೆಸರಾದವನು ಈತನೇ. ಕೋಟೆಯು ಬಿದ್ದ ಮೇಲೆ ಇಂಗ್ಲಿಷರಿಗೆ ದೊರೆತ ಸಾಮಗ್ರಿಯಲ್ಲಿ ಸಿದ್ಧವಾದ ಬಾಣಗಳು 700, ಮದ್ದು ತುಂಬದ ಕೊಳವೆಗಳು 9,000 ಇದ್ದುವೆಂದು ಲೆಕ್ಕ. ಅವುಗಳಲ್ಲಿ ಕೆಲವು ಲಂಡನ್ನಿನ ವುಲ್ವಿಚ್ ಆಯುಧಶಾಲೆಗೆ ಹೋದುವು. ಅಲ್ಲಿ ವಿಲಿಯಂ ಕಾಂಗ್ರೀವನು 1804ರಿಂದ ಪ್ರಯೋಗಗಳನ್ನು ನಡೆಯಿಸಿ ತನ್ನ ಹೆಸರಿನ ರಾಕೆಟ್ಟುಗಳನ್ನು ಸಿದ್ಧಗೊಳಿಸಿದನು. 1806ರಲ್ಲಿ ಬುಲೋನ್, 1807ರಲ್ಲಿ ಕೋಪನ್‌ಹೇಗನ್, 1814ರಲ್ಲಿ ಅಮೇರಿಕದ ಬಾಲ್ಟಿಮೋರ್ ಪಟ್ಟಣಗಳ ಮೇಲೆ ಅವು ಎರಗಿದುವು. ಈ ಸಂಬಂಧವನ್ನು ವಿಜ್ಞಾನಿ ರೊದ್ದಂ ನರಸಿಂಹರು 1985ರಲ್ಲಿ ಬರೆದ ಪ್ರಬಂಧದಲ್ಲಿ ವಿಶದವಾಗಿ ತೋರಿಸಿದರು. ಅಮೇರಿಕದ ವಾಲಪ್ಸ್ ರಾಕೆಟ್ ಕೇಂದ್ರದಲ್ಲಿ ಟಿಪ್ಪುವಿನ ದಂಡು ಬಾಣಗಳನ್ನು ಹಾರಿಸುವ ಚಿತ್ರವನ್ನು ಕಂಡು ಬೆರಗಾದುದನ್ನು ಅಬ್ದುಲ್ ಕಲಾಮರು ತಮ್ಮ ಆತ್ಮಚರಿತ್ರೆಯಲ್ಲಿ ನೆನೆದಿರುವರು.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಕಾಂಗ್ರೀವನ ಹೆಸರು ಉಳಿಯಿತು; ಕಬ್ಬಿಣವನ್ನು ಬಡಿದು ಕೊಳವೆ ಮಾಡಿದ ಮಲೆನಾಡಿನ ಕಮ್ಮಾರನ ಹೆಸರು ಉಳಿಯಲಿಲ್ಲ. ವುಲ್ವಿಚ್ಚಿನ ಸಂಗ್ರಹದಲ್ಲಿ ಬಹುಕಾಲ ಮೈಸೂರಿನವೆಂದು ತೋರಿಸುತ್ತಿದ್ದ ಬಾಣಗಳು ಎರಡೇ. ಈ ನಾಡಿನ ಕುಲುಮೆಯ ಕೆಲಸವನ್ನು ನೋಡಬೇಕಾದವರು ಕಡಲನ್ನು ದಾಟಿ ಹೋಗಬೇಕಾಗಿತ್ತು. ಗೆದ್ದವರು ಎರಡನ್ನು ಇಟ್ಟುಕೊಂಡರು. ಹೆಸರಿಲ್ಲದವರು ಇಳಿಸಿದ ಬಾವಿಯು ಸಾವಿರವನ್ನು ಕಾಪಾಡಿತು. ಒಂದೆರಡು ವಸ್ತುಗಳಿಂದ ರೂಪವನ್ನು ಮಾತ್ರ ತಿಳಿಯಬಹುದು. ಸಾವಿರವಿದ್ದರೆ ಅಳತೆಗಳನ್ನು ಹೋಲಿಸಬಹುದು, ಕಬ್ಬಿಣದ ಗುಣವನ್ನು ಪರೀಕ್ಷಿಸಬಹುದು, ಮದ್ದಿನ ಪಾಕವನ್ನು ಅರಿಯಬಹುದು, ಒಂದೇ ಶಾಲೆಯಲ್ಲಿ ಎಷ್ಟು ಕೈಗಳು ಎಷ್ಟು ಬಗೆಯಾಗಿ ದುಡಿದುವೆಂದು ಊಹಿಸಬಹುದು. ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಬಂದ ಈ ರಾಶಿಯು ಒಬ್ಬ ಅರಸನ ಪ್ರತಾಪಕ್ಕಿಂತ ಹೆಚ್ಚಾಗಿ ಒಂದು ಕಸುಬಿನ ಚರಿತ್ರೆಗೆ ಆಧಾರವು.

ಆಯುಧದ ಚರಿತ್ರೆಯನ್ನು ಬರೆಯುವವನು ಅದು ಯಾರ ಮೇಲೆ ಬಿದ್ದಿತೆಂಬುದನ್ನು ಮರೆಯಲಾಗದು. ನೇತ್ರಾವತಿಯ ಎರಡು ದಡಗಳ ಜನರಿಗೆ 1784ನೆಯ ವರ್ಷವು ಒಪ್ಪಂದದ ವರ್ಷ ಮಾತ್ರವಲ್ಲ. ಕುಂಪಣಿಯವರಿಗೆ ನೆರವಾದರೆಂಬ ಆರೋಪದಿಂದ ಈ ಕರಾವಳಿಯ ಸಾವಿರಾರು ಕ್ರೈಸ್ತ ಕುಟುಂಬಗಳನ್ನು ಟಿಪ್ಪುವಿನ ಅಧಿಕಾರಿಗಳು ಆ ವರ್ಷದ ಫೆಬ್ರವರಿಯಲ್ಲಿ ಸೆರೆಹಿಡಿದು ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ, ನಡೆಯಿಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. 1799ರ ಮೇಲೆ ಮರಳಿದವರು ಕೆಲವರು. ಆ ನೋವಿನ ನೆನಪು ಮಂಗಳೂರಿನ ಮನೆಗಳಲ್ಲಿ ಇನ್ನೂ ಆರಿಲ್ಲ. ಬಾಣಗಳನ್ನು ಮಾಡಿದ ಕೈಚಳಕವನ್ನು ಮೆಚ್ಚುವುದಕ್ಕೂ ಆ ನೋವನ್ನು ನೆನೆಯುವುದಕ್ಕೂ ವಿರೋಧವಿಲ್ಲ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿದಾಗ ಚರಿತ್ರೆಯು ವಕಾಲತ್ತಾಗುವುದು. ನೆಲದಲ್ಲಿ ಸಿಕ್ಕಿದ ಕಬ್ಬಿಣವು ಯಾರ ಪಕ್ಷವನ್ನೂ ವಹಿಸದು. ಅದನ್ನು ಓದುವವನೂ ಹಾಗೆಯೇ ಇರುವುದು ಯೋಗ್ಯ.

ಟಿಪ್ಪುವಿನ ಪತನವಾಗಿ ಎರಡು ವರ್ಷ ತುಂಬುವ ಮೊದಲೇ, 1801ರಲ್ಲಿ, ಕುಂಪಣಿಯ ಅಪ್ಪಣೆಯಂತೆ ದೇಶವನ್ನು ಸುತ್ತುತ್ತಿದ್ದ ಬುಕಾನನ್ನನು ಮಂಗಳೂರನ್ನು ನೋಡಿಕೊಂಡು ಉತ್ತರಕ್ಕೆ ಸಾಗಿ, ಘಟ್ಟವನ್ನು ಹತ್ತಿ, ಬನವಾಸಿ, ಇಕ್ಕೇರಿಗಳ ಮಾರ್ಗವಾಗಿ ನಗರಕ್ಕೆ ಬಂದನು. ಬೆಳೆ, ದರ, ಜಾತಿ, ಕಸುಬುಗಳನ್ನೆಲ್ಲ ವಿಚಾರಿಸಿ ಬರೆದುಕೊಂಡ ಆ ಎಚ್ಚರದ ಪ್ರವಾಸಿಗೂ ಬಾವಿಯ ಗುಟ್ಟು ತಿಳಿಯಲಿಲ್ಲ. ಅನಂತರ ಊರು ಕ್ಷೀಣಿಸಿತು. ಆಯುಧಶಾಲೆಯ ಗೋಡೆಗಳು ಕುಸಿದುವು. ಬಿದಿರು ಮತ್ತೆ ಬೆಳೆಯಿತು. ಬಲ್ಲವರು ಸತ್ತರು, ಗುರುತನ್ನು ಮಕ್ಕಳಿಗೆ ಹೇಳಿಹೋದವರಾರೂ ಇರಲಿಲ್ಲ.

ಇಂಥ ಸಾಕ್ಷಿಗಳು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಅವನ್ನು ಮೊದಲು ಕಂಡವರ ಕೈಯಲ್ಲಿದೆ. ತುಕ್ಕು ಹಿಡಿದ ಕೊಳವೆಯನ್ನು ಗುಜರಿಗೆ ತೂಕ ಹಾಕಿ ಕೊಟ್ಟಿದ್ದರೆ ನಗರದ ಕಥೆಯು ಕೆಲವೇ ರೂಪಾಯಿಗಳಲ್ಲಿ ಮುಗಿದುಹೋಗುತ್ತಿತ್ತು. ನೆಲದಲ್ಲಿ ಅಡಗಿದ್ದ ವಸ್ತು ಸಿಕ್ಕಿದವನು ಅದನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ಆದ ನಿಧಿ ಕಾಯಿದೆಯೂ ಬಂದಿತು. ಆದರೆ ಕಾನೂನಿಗಿಂತ ಮೊದಲು ಕೆಲಸಮಾಡಬೇಕಾದುದು ಕಣ್ಣು. ಮದ್ದಿನ ಹಳೆಯ ಆಯುಧವನ್ನು ಕಂಡವರು ಅದನ್ನು ಉಜ್ಜಿ ತೊಳೆಯುವುದಾಗಲಿ ಬೆಂಕಿಯ ಬಳಿಗೆ ತರುವುದಾಗಲಿ ಕೂಡದು. ಇದ್ದಲ್ಲಿಯೇ ಬಿಟ್ಟು ತಿಳಿದವರಿಗೆ ಹೇಳಿಕಳುಹಿಸುವುದೇ ಕ್ಷೇಮ. ವಸ್ತುವು ಯಾವ ಆಳದಲ್ಲಿ, ಯಾವ ಮಣ್ಣಿನಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದೇ ಅದರ ಚರಿತ್ರೆಯ ಅರ್ಧಭಾಗ. ಎತ್ತಿ ಮನೆಗೆ ತಂದ ಮೇಲೆ ಆ ಅರ್ಧವು ಮರಳಿ ಸಿಕ್ಕದು.

ತೊಕ್ಕೊಟ್ಟಿನ ಸುತ್ತಮುತ್ತಲೂ ಇಂದು ಮನೆಗಳಿಗೂ ರಸ್ತೆಗಳಿಗೂ ನೆಲವನ್ನು ಅಗೆಯುವ ಕೆಲಸವು ಎಡೆಬಿಡದೆ ನಡೆದಿದೆ. ಮುರಕಲ್ಲಿನ ಕೋರೆಗಳು ಗುಡ್ಡಗಳನ್ನು ಕರಗಿಸುತ್ತಿರುವುವು. ಹಳೆಯ ಬಾವಿಗಳು ಮಣ್ಣು ತುಂಬಿ ಸಮನಾಗುತ್ತಿರುವುವು. ಉಳ್ಳಾಲದ ರಾಣಿಯ ಕಾಲದ ಒಂದು ಬಾಣದ ಮೊನೆಯಾಗಲಿ, ಮುರಕಲ್ಲಿನ ಗುಹೆಯ ಒಂದು ಮಡಕೆಯಾಗಲಿ ಆ ಮಣ್ಣಿನೊಡನೆ ಲಾರಿಯನ್ನೇರಿ ಹೋದರೆ ಅದನ್ನು ತಡೆಯಬಲ್ಲವರು ಹಾರೆ ಹಿಡಿದವರು ಮತ್ತು ಅವರ ಪಕ್ಕದಲ್ಲಿ ನಿಂತವರು ಮಾತ್ರ. ನಗರದಲ್ಲಿ ಮಣ್ಣಿನ ವಾಸನೆಯು ಬೇರೆಯಾಗಿದೆಯೆಂದು ಒಮ್ಮೆ ನಿಂತು ಯೋಚಿಸಿದವರಿದ್ದರು; ಅದರಿಂದಲೇ ಸಾವಿರ ಬಾಣಗಳು ಬೆಳಕಿಗೆ ಬಂದುವು. ಬಚ್ಚಿಟ್ಟವರು ಮರಳಿ ಬರಲಿಲ್ಲ. ಅವರ ಪರವಾಗಿ ಎತ್ತಿಕೊಳ್ಳುವ ಸರದಿಯು ಈಗ ಆ ನೆಲದಲ್ಲಿ ಬಾಳುವವರದು.